ಮೂರು ತಾಸಿನ ಮದ್ರಾಸು

ತಾಯಕ್ಕನ ಅಪ್ಪನವರಿಗೆ,

ಬಂಡಿ ಕಟ್ಟಿಸಿಕೊಂಡು ಬಂಡ್ರಿಗೆ ಹೊರಟಿದ್ದೇನೆ, ತಾಯಕ್ಕನಿಗೆ ಬಂದಿರುವ ಅಲ್ಲಿಯ ವರನ ಮನೆ ನೋಡಿ ಬರಲು. ರೊಟ್ಟಿ ನೆಲುವಿನಲ್ಲಿದೆ. ಎಮ್ಮೆಗೆ ನೀರು ಕುಡಿಸಿರಿ. ನಿಮ್ಮ ಮೊಣಕಾಲಿನ ಎಣ್ಣೆ ಒಲೆಯ ಪಕ್ಕದಲ್ಲಿದೆ.

ನಿನ್ನೆ ಕಟ್ಟೆಯ ಮೇಲೆ ಕೂತು, "ಬಂಡ್ರಿ ಭಾಳ ದೂರ, ಬಂಡ್ಯಾಗ ಇಡೀ ದಿನ. ಮದ್ರಾಸು ಬಳ್ಳಾರಿಯಿಂದ ವಿಮಾನದಾಗ ಮೂರೇ ತಾಸು. ಮಗಳನ್ನ ಹತ್ರಕ್ಕ ಕೊಡ್ತೀನಿ" ಅಂದಿರಂತೆ. ಆ ವಿಮಾನ ಹೊರುವುದು ಟಪಾಲನ್ನು, ಬೀಗರನ್ನಲ್ಲ. ನಾಳೆ ಬಾಣಂತನಕ್ಕೆ ಅವಳನ್ನು ಕರೆತರಲು ನಾನು ಹಣೆಗೆ ಸ್ಟಾಂಪು ಹಚ್ಚಿಕೊಂಡು ಚೀಲದಲ್ಲಿ ಕೂಡಬೇಕೇ?

ಹೆಣ್ಣು ನೋಡಲು ಮದ್ರಾಸಿನವರು ಬಂದರೆ ಕಾಲಿಗೆ ನೀರು ಕೊಡಿ. ಹೋಳಿಗೆ ಮಾಡಿಟ್ಟಿದ್ದೇನೆ, ಹೊಟ್ಟೆ ತುಂಬ ಬಡಿಸಿರಿ. ತಾಂಬೂಲ ಮಾತ್ರ ಕೊಡಬೇಡಿ; ಕೊಟ್ಟರೆ ಮಗಳನ್ನು ಕೊಟ್ಟ ಹಾಗೆಯೇ. ನಿಮ್ಮ ಕೈ ದೊಡ್ಡದು ಎಂದು ಗೊತ್ತಿರುವುದರಿಂದ ಮನೆಯಲ್ಲಿದ್ದ ಎಲೆ ಅಡಿಕೆಯನ್ನೆಲ್ಲ ನಾನೇ ಕಟ್ಟಿಕೊಂಡು ಹೊರಟಿದ್ದೇನೆ.

ಅವಸರವೇನೂ ಇಲ್ಲ. ನೀವು ಕಟ್ಟೆಯ ಮೇಲಿದ್ದಾಗ ತಂತಿ ಬಂತು. ಮೂರು ತಾಸಿನ ಊರಿನಿಂದ ಸೋಮವಾರ ರೈಲು ಹತ್ತಿದವರು ಬುಧವಾರವಾದರೂ ಮುಂದಿನ ರೈಲು ಸಿಗದೆ ಗುಂತಕಲ್ಲಿನಲ್ಲೇ ಕೂತಿದ್ದಾರೆ. ಅವರು ಬರುವಷ್ಟರಲ್ಲಿ ನಾನು ಬಂಡ್ರಿಯಿಂದ ತಿರುಗಿ ಬಂದಿರುತ್ತೇನೆ.

ವಿರುಪಮ್ಮ