ಐದೂವರೆಗೆ ಬಾಗಿಲು ಹಾಕುವ ಕೆಲಸ

ಶುಕ್ರವಾರ, ಊಟವಾದ ಮೇಲೆ

ಪ್ರೀತಿಯ ಇಕ್ಕಳಕ್ಕೆ,

ಹಿಡಿದರೆ ಬಿಡುವವಳಲ್ಲ ಎಂದು ನಿನಗೆ ಈ ಹೆಸರಿಟ್ಟವಳು ನಾನೇ, ಈಗ ಸಿಕ್ಕಿಹಾಕಿಕೊಂಡವಳೂ ನಾನೇ. "ಫೋನಲ್ಲಿ ನೀನು ಹೂಂ ಅಂದ್ಯೋ ಊಹೂಂ ಅಂದ್ಯೋ ಗೊತ್ತಾಗಲ್ಲ ಕಣೇ, ಬರೀ ಪ್ರಾಸ ಕೇಳಿಸುತ್ತೆ. ಸೋಮವಾರದೊಳಗೆ ಬರೆದು ಕೊಡು" ಎಂದು ಗದರಿದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಆಭರಣ ಕಾರ್ಖಾನೆಯ ವಿನ್ಯಾಸ ವಿಭಾಗದಲ್ಲಿ ನೀನು ನನಗಾಗಿ ಕಾದಿರಿಸಿರುವ ಕುರ್ಚಿಗೆ ನಾನು ಬರುತ್ತೇನೋ ಇಲ್ಲವೋ, ಅದು ಕೊನೆಯಲ್ಲಿದೆ. ಈಗಲೇ ಅಲ್ಲಿಗೆ ಹಾರಬೇಡ. ನಮ್ಮಿಬ್ಬರ ಬೆಳ್ಳಿ ಒಡವೆಯ ಅಂಗಡಿಯನ್ನು ನನ್ನೊಬ್ಬಳ ತಲೆಗೆ ಕಟ್ಟಿ ಸಂಬಳದ ಕಡೆಗೆ ನಡೆದವಳು ನೀನು. ಅದಕ್ಕೆ ಶಿಕ್ಷೆಯಾಗಿ ನನ್ನ ಗೋಳನ್ನು ಪೂರ್ತಿ ಓದು.

ನಾನು ಸ್ವತಂತ್ರಳು ಎಂದು ಜನ ಹೊಟ್ಟೆಕಿಚ್ಚು ಪಡುತ್ತಾರೆ. ಬೆಸುಗೆ ಹಾಕುವವಳೂ ನಾನೇ, ಫೋಟೊ ತೆಗೆಯುವವಳೂ ನಾನೇ, ಡಬ್ಬಿಗೆ ರಿಬ್ಬನ್ ಕಟ್ಟುವವಳೂ ನಾನೇ, "ಬೆಳ್ಳಿ ಕಪ್ಪಾಗಲ್ಲ ತಾನೇ?" ಎಂದು ಕೇಳುವವರಿಗೆಲ್ಲ ನಗುನಗುತ್ತಾ ಉತ್ತರಿಸುವವಳೂ ನಾನೇ. ಯಜಮಾನಿ ರಜೆ ಕೊಡುವುದಿಲ್ಲ, ಕೆಲಸದವಳು ಬಿಟ್ಟು ಹೋಗುವುದಿಲ್ಲ. ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂತು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ. ಆ ಕುರ್ಚಿಯಾದರೂ ಎಲ್ಲಿದೆ? ಗಾಜು ಹಾಕಿ ಮುಚ್ಚಿದ ಬಾಲ್ಕನಿಯಲ್ಲಿ, ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕದಲ್ಲಿ. ಅದು ಬಟ್ಟೆ ಹಿಂಡತೊಡಗಿದರೆ ನನ್ನ ಮೇಜಿನ ಮೇಲಿನ ಚಿಮುಟಗಳೆಲ್ಲ ಕುಣಿಯುತ್ತವೆ. ಮನೆಯಲ್ಲಿ ನಿಜವಾಗಿ ವ್ಯಾಯಾಮ ಮಾಡುತ್ತಿರುವುದು ಅವು ಮಾತ್ರ.

ಕತ್ತಿನ ಕಥೆ ನಿನಗೆ ಗೊತ್ತು. "ಕತ್ತು ಬಗ್ಗಿಸೋ ಕೆಲಸ ಬಿಡಿ, ಬಿಡೋಕಾಗಲ್ಲ ಅಂದ್ರೆ ಈಜಿ" ಎಂದರು ಡಾಕ್ಟರು. ಬಿಡಲಾಗಲಿಲ್ಲ, ಈಜಲು ಸೇರಿದೆ. ಅಲ್ಲಿನ ತರಬೇತುದಾರಳು ನನಗಿಂತ ಹದಿನೈದು ವರ್ಷ ದೊಡ್ಡವಳು, ನೀರಿನಲ್ಲಿ ಮೀನು, ದಡದಲ್ಲಿ ಸಿಡಿಲು. ಮೊದಲ ದಿನವೇ ಇಡೀ ಕೊಳಕ್ಕೆ ಕೇಳುವ ಹಾಗೆ, "ಮೇಡಂ, ಈಜೋಕೆ ಬಂದಿದ್ದೀರೋ, ಕಳೆದುಹೋದ ಉಂಗುರ ಹುಡುಕೋಕೆ ಬಂದಿದ್ದೀರೋ? ತಲೆ ಎತ್ರೀ!" ಎಂದಳು. ಅವಳ ತಪ್ಪಲ್ಲ. ಇಪ್ಪತ್ತು ವರ್ಷ ಮಡಿಲು ನೋಡಿಕೊಂಡೇ ಬದುಕಿದವಳು ನೀರಿನಲ್ಲೂ ಮಡಿಲನ್ನೇ ಹುಡುಕುತ್ತಾಳೆ.

ಇನ್ನು ನಮ್ಮ ಮನೆಯವರು. ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಮನುಷ್ಯ, ಹೆಂಡತಿಯನ್ನು ಬಿಡುತ್ತಾರೆಯೇ? ಫ್ರಿಜ್ಜಿನ ಬಾಗಿಲಿಗೆ ನನ್ನದೊಂದು ಪಟ್ಟಿ ಅಂಟಿಸಿದರು. ಬೆಳಿಗ್ಗೆ ಈಜು ನೀಲಿ, ಕೆಲಸ ಕೆಂಪು, ಪದ್ಯ ಹಸಿರು. "ಐದು ನಿಮಿಷ ಲೇಟಾದ್ರೂ ಪರವಾಗಿಲ್ಲ, ಟ್ರಿಪ್ ಮಾತ್ರ ಕ್ಯಾನ್ಸಲ್ ಮಾಡಬೇಡ" ಎಂದು ನನ್ನ ಬೆನ್ನು ತಟ್ಟಿದರು. ಒಂದೇ ವಾರದಲ್ಲಿ ಕೆಂಪು ಹರಿದು ನೀಲಿಯನ್ನೂ ಹಸಿರನ್ನೂ ನುಂಗಿತು. "ರೂಟೇ ಸರಿ ಇಲ್ಲ" ಎಂದು ಗೊಣಗುತ್ತಾ ಹೊಸ ಪಟ್ಟಿ ಹಾಕಿದ್ದಾರೆ. ಈಗ ನಾನು, ಅವರು, ಆ ಪಟ್ಟಿ, ಒಟ್ಟು ಮೂವರು ಯಜಮಾನರು ನನಗೆ.

ಮಂಗಳವಾರದ ಅನಾಹುತ ಕೇಳು. ಹಾಡುಗಾರ್ತಿಯರ ತಂಡವೊಂದಕ್ಕೆ ಎಲೆಯಾಕಾರದ ಓಲೆಗಳನ್ನು ಮಾಡಬೇಕಿತ್ತು. ಎಲ್ಲಕ್ಕೂ ಬೆಸುಗೆ ಹಾಕಿ ಮುಗಿಸಿದ್ದೆ. ಕರಿ ಬಿಡಲೆಂದು ಆಮ್ಲದ ನೀರಿಗೆ ಹಾಕಿ, ಬಂದು ತೆಗೆದರಾಯಿತೆಂದು ಕೊಳಕ್ಕೆ ಹೊರಟೆ. ಬಸ್ಸಿಗೆ ಹೊತ್ತಾಯಿತೆಂದು ಅಲ್ಲೇ ಬಗ್ಗಿ ತುರುಬು ಕಟ್ಟಿಕೊಂಡೆ. ಒಂದು ಹೇರ್‌ಪಿನ್ ಜಾರಿ ಆ ನೀರಿನೊಳಗೆ ಬಿತ್ತು. ನನಗೆ ಗೊತ್ತಾಗಲಿಲ್ಲ. ಕಲಿಯುವಾಗ ಮೊದಲ ದಿನವೇ ಹೇಳಿಕೊಟ್ಟ ಪಾಠವಲ್ಲವೇನೇ ಅದು, ಈ ನೀರಿಗೆ ಕಬ್ಬಿಣ ತೋರಿಸಬೇಡಿ ಅಂತ? ಬಂದು ನೋಡುತ್ತೇನೆ, ನೀರಿನಲ್ಲಿ ಕರಗಿದ್ದ ತಾಮ್ರವೆಲ್ಲ ಬೆಳ್ಳಿಗೆ ಅಂಟಿದೆ! ಒಂದೊಂದು ಎಲೆಯೂ ನಾಚಿ ಕೆಂಪಾಗಿ ಕೂತಿದೆ. ಮನೆಯವರು ಇಣುಕಿ ನೋಡಿ, "ಅರೆ, ಕಲರ್ ಚೇಂಜ್ ಮಾಡಿದ್ಯಾ? ಇದೇ ಚೆನ್ನಾಗಿದೆ" ಎಂದರು. ನನ್ನ ಕೈಯಲ್ಲಿ ಸುತ್ತಿಗೆ ಇತ್ತು. ಅವರು ಡಿಪೋಗೆ ಸುರಕ್ಷಿತವಾಗಿ ಹೋದದ್ದು ಅವರ ಪುಣ್ಯ.

ಎರಡು ದಿನ ಕೂತು ಒಂದೊಂದನ್ನೇ ಉಜ್ಜಿ ಉಜ್ಜಿ ಬಿಳಿ ಮಾಡಿದೆ. ಕತ್ತನ್ನು ಸರಿಮಾಡಿಕೊಳ್ಳಲು ಹೊರಟ ಅವಸರಕ್ಕೆ ಕತ್ತು ಇನ್ನೂ ಎರಡು ದಿನ ಹೆಚ್ಚಿಗೆ ಬಗ್ಗಿತು. ಈ ತಿಂಗಳಲ್ಲಿ ಕೊಳದ ಕಡೆ ತಲೆ ಹಾಕಲು ಪುರಸೊತ್ತು ಸಿಕ್ಕಿದ್ದೇ ಬೆರಳೆಣಿಕೆಯಷ್ಟು ಸಲ. ಕಾರಣ ಕೆಲಸ, ಕೆಲಸ ಮತ್ತು ಕೆಲಸ.

ಪದ್ಯವಾದರೂ ಉಳಿಯಿತೇ? ಓಲೆಯ ಡಬ್ಬಿಯೊಳಗೆ ಸುಮ್ಮನೆ ತಮಾಷೆಗೆ ಎರಡು ಸಾಲು ಬರೆದಿಡುತ್ತಿದ್ದೆನಲ್ಲ, ಈಗ ಗಿರಾಕಿಗಳಿಗೆ ಅದು ಹಕ್ಕಾಗಿದೆ. ಮೊನ್ನೆ ಒಬ್ಬಳು ಫೋನು ಮಾಡಿ, "ಅತ್ತೆಗೆ ಕೊಡೋ ಸರ ಮೇಡಂ. ಸ್ವಲ್ಪ ಚುಚ್ಚೋ ಹಾಗೆ ಬರೀರಿ, ಆದ್ರೆ ಚುಚ್ಚಿದ್ದು ಗೊತ್ತಾಗಬಾರದು" ಎಂದಳು. ಬರೆದುಕೊಟ್ಟೆ:

ಅತ್ತೆಯ ಕೊರಳಿಗೆ ಬೆಳ್ಳಿಯ ಸರ,
ಇನ್ನಾದರೂ ಇಳಿಯಲಿ ಏರಿದ ಸ್ವರ.

"ತುಂಬಾ ಚೆನ್ನಾಗಿದೆ, ಆದ್ರೆ ನನಗೆ ಅಷ್ಟು ಧೈರ್ಯ ಇಲ್ಲ, ಬೇರೆ ಬರೀರಿ" ಎಂದು ವಾಪಸು ಕಳಿಸಿದಳು. ಅವಳಿಗೆ ಧೈರ್ಯ ಬರುವವರೆಗೆ ನಾನು ಪ್ರಾಸ ಹೊಸೆಯುತ್ತಾ ಕೂರಬೇಕು.

ಲೈಬ್ರರಿಯ ಮಹಡಿಯಲ್ಲಿ ಶನಿವಾರ ಸಂಜೆ ಸೇರುವ ನಮ್ಮ ಪ್ರಾಸಕೂಟಕ್ಕೆ ಒಂದೇ ನಿಯಮ: ಯಾರಿಗೂ ಯಾವ ಪ್ರಯೋಜನವೂ ಇಲ್ಲದ ನಾಲ್ಕು ಸಾಲು ತರಬೇಕು. ಕಳೆದ ವಾರ ನನ್ನ ಬಳಿ ಇರಲಿಲ್ಲ. ಯಾವುದೋ ಮದುವೆಯ ಉಂಗುರಕ್ಕೆ ಬರೆದುಕೊಟ್ಟಿದ್ದನ್ನೇ ಎದ್ದು ನಿಂತು ಓದಿದೆ. ನಿವೃತ್ತ ಅಂಚೆಯಣ್ಣ ಒಬ್ಬರಿದ್ದಾರೆ, ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು. ಕಣ್ಣು ಮುಚ್ಚಿ ಕೇಳಿ, "ಇದು ಡಬ್ಬಿ ಒಳಗಿಂದು, ಅಲ್ವೇನಮ್ಮ?" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಮೆತ್ತಗೆ ಕೇಳಿದ್ದಕ್ಕೆ ಮೆಟ್ಟಿಲಿಳಿಯುವಾಗ ಕಣ್ಣು ಮಂಜಾಯಿತು.

ನನ್ನ ಸಿಟ್ಟು ಇದೇ ಕಣೇ. ಕೆಲಸ ಹೆಚ್ಚಾಯಿತೆಂದಲ್ಲ. ಸುಮ್ಮನೆ ನನ್ನದಾಗಿದ್ದದ್ದೆಲ್ಲ ಒಂದೊಂದಾಗಿ ಕೆಲಸದ ಚಾಕರಿಗೆ ಸೇರಿಕೊಂಡಿದೆ. ಈಜು ಕತ್ತಿನ ರಿಪೇರಿಗೆ, ಪದ್ಯ ಡಬ್ಬಿಯ ಸಿಂಗಾರಕ್ಕೆ. ಸಂಜೆಯ ನಡಿಗೆಯೂ ಕೊರಿಯರ್ ಅಂಗಡಿಯವರೆಗೆ ಮಾತ್ರ. ಯಾರೂ ಕೇಳದೆ ಇರುವಂಥದ್ದು ನನ್ನಲ್ಲಿ ಏನೂ ಉಳಿದಿಲ್ಲ.

ಆದ್ದರಿಂದ ನೀನು ಹೇಳಿದ ಮಾತು ತಲೆಯಲ್ಲಿ ಗಂಟೆಯ ಹಾಗೆ ಬಡಿಯುತ್ತಿದೆ: "ಬಾರೇ, ಐದೂವರೆಗೆ ಬಾಗಿಲು ಹಾಕ್ತಾರೆ. ಹಾಕಿದ ಮೇಲೆ ನೀನು ಇದ್ದೀಯೋ ಸತ್ತಿದ್ದೀಯೋ ಅಂತ ಒಬ್ಬರೂ ಕೇಳಲ್ಲ." ಇದಕ್ಕಿಂತ ಒಳ್ಳೆಯ ಆಮಂತ್ರಣ ನನಗೆ ಯಾರೂ ಕೊಟ್ಟಿಲ್ಲ. ನಿಮ್ಮ ಷರತ್ತನ್ನೂ ಓದಿದೆ. ಕೆಲಸಕ್ಕೆ ಸೇರಿದವರು ಮನೆಯಲ್ಲಿ ಸ್ವಂತಕ್ಕೆ ಆಭರಣ ಮಾಡುವ ಹಾಗಿಲ್ಲ, ಮಾಡಿದರೂ ಅದು ಕಂಪನಿಯದೇ. ಇದಕ್ಕೆ ನಾನು ಒಪ್ಪಲಾರೆ ಎಂದು ನೀನು ಹೆದರಿದ್ದೆಯಲ್ಲ. ಹೆದರಬೇಡ. ಐದೂವರೆಯಾದ ಮೇಲೆ ಬೆಳ್ಳಿ ಎಂಬ ಪದವನ್ನೇ ಬಾಯಿಗೆ ತರುವುದಿಲ್ಲ. ಬಾಲ್ಕನಿಯನ್ನು ಮೆಷಿನ್ನಿಗೇ ಬಿಟ್ಟುಕೊಡುತ್ತೇನೆ.

ಬರುತ್ತೇನೆ. ಸೋಮವಾರ ಬರುತ್ತೇನೆ. ನಿಮ್ಮ ಸಾಹೇಬರಿಗೆ ಹೇಳಿಬಿಡು. ನಾಳೆ ಬೆಳಿಗ್ಗೆ ಕೊಳಕ್ಕೆ ಹೋಗಿ ಬರುವಾಗ ಇದನ್ನು ನಿಮ್ಮ ಗೇಟಿನ ಟಪಾಲು ಡಬ್ಬಿಗೆ ಹಾಕುತ್ತೇನೆ.

ನಿನ್ನ ಕತ್ತು ನೋಯಿಸಿಯಾದರೂ ಇಷ್ಟನ್ನೂ ಓದಿಸಿದ,
ಅರ
(ತಿಕ್ಕಿ ತಿಕ್ಕಿ ಮಾತಾಡುತ್ತೇನೆಂದು ನೀನೇ ಇಟ್ಟ ಹೆಸರು)

ತಾ.ಕ.: ಶನಿವಾರ ಬೆಳಿಗ್ಗೆ, ಕೊಳದ ಮೆಟ್ಟಿಲ ಮೇಲೆ ಕೂತು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ. ಮೇಲಿನದನ್ನು ಹರಿದುಹಾಕಬಹುದಿತ್ತು, ಆದರೆ ಬಗ್ಗಿ ಕೂತು ಬರೆದ ಕತ್ತಿಗೆ ಅನ್ಯಾಯವಾಗುತ್ತದೆ. ಅದರಲ್ಲಿ ಒಂದು ಸುಳ್ಳಿದೆ. ಕೊಳಕ್ಕೆ ಬರಲು ಪುರಸೊತ್ತಿಲ್ಲ ಎಂದೆನಲ್ಲ, ಓಲೆ ಉಜ್ಜಿದ ಆ ಎರಡು ದಿನ ಬಿಟ್ಟರೆ ನಾನು ದಿನಾ ಬಂದಿದ್ದೇನೆ. ಬಂದು ನೀರಿಗಿಳಿಯದೆ ಇಲ್ಲೇ ಮೂಲೆಯಲ್ಲಿ ಕೂತು, ಟವೆಲ್ಲಿನ ಮರೆಯಲ್ಲಿ ಬೆಳ್ಳಿಯ ತಂತಿ ಸುತ್ತಿ ಸುತ್ತಿ ಒಂದು ಸರಪಳಿ ಹೆಣೆಯುತ್ತಿದ್ದೇನೆ. ಅದಕ್ಕೆ ಗಿರಾಕಿಯಿಲ್ಲ, ಡಬ್ಬಿಯಿಲ್ಲ, ಪದ್ಯವಿಲ್ಲ. ಯಾರೂ ಕೇಳಿಲ್ಲ. ಕೊಂಡಿಗೆ ಕೊಂಡಿ ಹೇಗೆ ಹೊರಳುತ್ತದೋ ನೋಡೋಣ ಎಂದು ಶುರುಮಾಡಿದ್ದು, ಅಷ್ಟೆ.

ಇವತ್ತು ಹಾಗಾಗಬಾರದೆಂದು ಹಟ ತೊಟ್ಟೇ ಬಂದೆ. ಸಂಬಳದ ಹೆಂಗಸಾಗಿ ಮೊದಲ ಈಜು ಈಜೋಣ ಎಂದು ಟೋಪಿಯನ್ನೂ ಹಾಕಿಕೊಂಡೆ. ಒಂದು ಕೊಂಡಿ ಹಾಕಿ ಇಳಿಯೋಣ ಎಂದು ಕೂತವಳಿಗೆ ನಿಮ್ಮ ಷರತ್ತು ನೆನಪಾಯಿತು. ಸೋಮವಾರದಿಂದ ಇದೂ ಕಂಪನಿಯದು. ಸಿಟ್ಟು ಬಂತು. ನಿನ್ನ ಮೇಲಲ್ಲ, ನನ್ನ ಮೇಲೆ. ಕೆಲಸದಿಂದ ಬಿಡಿಸು ಎಂದು ಅಂಗಲಾಚಿ, ಬಿಡುವು ಸಿಕ್ಕಿದ ಕಡೆಯಲ್ಲೆಲ್ಲ ಕದ್ದು ಮಾಡುವುದು ಅದೇ ಕೆಲಸವಾದರೆ, ಇಂಥವಳಿಗೆ ಐದೂವರೆಗೆ ಬಾಗಿಲು ಹಾಕಿ ಏನು ಪ್ರಯೋಜನ, ನೀನೇ ಹೇಳು. ತರಬೇತುದಾರಳು ಈಗಷ್ಟೇ ಪಕ್ಕದಲ್ಲಿ ಬಂದು ನಿಂತು, "ನಾಳೆಯಿಂದ ಟಿಕೆಟ್ ತಗೋಬೇಡಿ ಮೇಡಂ, ಈ ಮೆಟ್ಟಿಲು ಬಾಡಿಗೆಗೆ ತಗೊಳ್ಳಿ" ಎಂದು ಹೇಳಿ ಹೋದಳು.

ಆ ಕುರ್ಚಿಗೆ ಬೇರೆಯವರನ್ನು ಕೂರಿಸು. ನಿಮ್ಮ ಸಾಹೇಬರ ಮುಂದೆ ನಿನ್ನ ಮಾತು ಹೋಯಿತು, ಅದಕ್ಕೆ ನೀನು ಬೈಯುವುದನ್ನೆಲ್ಲ ಕೇಳಲು ಸಿದ್ಧಳಿದ್ದೇನೆ, ಈ ಸಲ ಪ್ರಾಸ ಹಾಕುವುದಿಲ್ಲ. ಈಗ ಗಂಟೆ ಹೊಡೆದರು, ಹೆಂಗಸರ ಸರದಿ ಮುಗಿಯಿತಂತೆ. ಈಜಿ ಬಂದೆನೋ ಇಲ್ಲವೋ ಎಂದು ಮನೆಯವರು ಬಾಗಿಲಲ್ಲೇ ನಿಂತು ನೋಡುತ್ತಾರೆ, ನಾನು ಹೋಗಿ ನಲ್ಲಿಯ ಕೆಳಗೆ ಕೂದಲು ನೆನೆಸಿಕೊಳ್ಳಬೇಕು.