ತಿನ್ನಮ್ಮನ ವಿಚಾರಣೆ

ದೊಡ್ಡಬಳ್ಳಾಪುರ
9ನೇ ಮಾರ್ಚ್ 1947

ಚಿರಂಜೀವಿ ಹನುಮಂತರಾಯಪ್ಪನಿಗೆ ನಿನ್ನ ತಂದೆಯ ಆಶೀರ್ವಾದ.

ರಂಗೂನಿನ ನೀರಿಗೆ ನಿನ್ನ ಹೊಟ್ಟೆ ಹೇಗಿದೆ? ಯುದ್ಧದಲ್ಲಿ ಬಿಟ್ಟುಬಂದ ನಮ್ಮ ಸೀರೆ ಅಂಗಡಿಯ ಗೋಡೆಗಳಾದರೂ ಉಳಿದಿವೆಯೋ ಇಲ್ಲವೋ, ನೀನು ಬರೆದಿಲ್ಲ. ನಿನ್ನ ತಾಯಿಯ ಮಂಡಿನೋವು ಇದ್ದ ಹಾಗೇ ಇದೆ. ನಿನ್ನ ಮಗಳು ಮಗ್ಗದ ಗುಂಡಿಗೆ ಇಳಿಯುವುದನ್ನು ಕಲಿತಿದ್ದಾಳೆ, ಹತ್ತುವುದನ್ನಲ್ಲ.

ಇನ್ನು ನಿನ್ನ ಹೆಂಡತಿ ತಿನ್ನಮ್ಮನ ವಿಷಯ. ಈಗ ಮನೆಯಲ್ಲಿದ್ದಾಳೆ, ಆರೋಗ್ಯವಾಗಿದ್ದಾಳೆ. ಅದನ್ನು ತಿಳಿದುಕೊಂಡು ಮುಂದೆ ಓದು. ಹೋದ ತಿಂಗಳು ನಿನ್ನ ತಂಗಿ ರುಕ್ಮಿಣಮ್ಮನ ಜೊತೆ ಸೂಲಿಬೆಲೆಗೆ ನಾಮಕರಣಕ್ಕೆ ಹೊರಟಿದ್ದಳು. ದೇವನಹಳ್ಳಿ ದಾಟಿದ ಮೇಲೆ ಇದ್ದಿಲಿನಿಂದ ಓಡುವ ಬಸ್ಸು ಕೆಟ್ಟು ನಿಂತಿತು. ಅಲ್ಲಿದ್ದ ಪೊಲೀಸ್ ಜಮಾದಾರ ಅವಳ ಮುಖ ನೋಡಿ ಯಾವೂರೆಂದು ಕೇಳಿದ. ದೊಡ್ಡಬಳ್ಳಾಪುರ ಎಂದಿದ್ದರೆ ಮುಗಿಯುತ್ತಿತ್ತು. ಹುಟ್ಟಿದ್ದು ಬರ್ಮಾದ ಮಾಂಡಲೆ ಎಂದಳು. ಪರದೇಶದವಳು, ರುಜುವಾತಿಲ್ಲ ಎಂದು ಠಾಣೆಯ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದರು. ರುಕ್ಮಿಣಿ ಒಬ್ಬಳೇ ವಾಪಸು ಬಂದಳು.

ಮರುದಿನ ಹೋಗಿ, ಏನು ತಪ್ಪು ಮಾಡಿದಳೆಂದು ಜಮಾದಾರನನ್ನು ಕೇಳಿದೆ. "ತಪ್ಪೇನಿಲ್ಲ ಯಜಮಾನ್ರೇ. ಮೇಲಿಂದ ಆರ್ಡರ್ ಬಂದ್ರೆ ಮದ್ರಾಸಲ್ಲಿ ಹಡಗು ಹತ್ತಿಸ್ತಾರೆ" ಎಂದ. ತಪ್ಪಿಲ್ಲದ ಮೇಲೆ ಬೀಗ ಯಾಕೆ ಎಂದದ್ದಕ್ಕೆ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. ಜೊತೆಗೆ ಕರೆದೊಯ್ದಿದ್ದ ನಿನ್ನ ಮಗಳನ್ನೂ ಒಳಗೆ ಬಿಡಲಿಲ್ಲ.

ಹೊಸಕೋಟೆಯ ವಕೀಲ ವೆಂಕಟರಾಮಪ್ಪನವರನ್ನು ಹಿಡಿದೆ. "ಯಾವ ಕಾನೂನಲ್ಲಿ ಹಿಡಿದ್ರಿ ಅಂತ ಬರ್ದು ಕೊಡ್ಲಿ, ಇಲ್ಲ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸ್ಲಿ. ಅವಳ ಮಾತು ಕೇಳ್ದೆ ಕಳ್ಸೋಕಾಗಲ್ಲ" ಎಂದು ಅರ್ಜಿ ಹಾಕಿದರು. ಬಹಳ ಎಳೆದಾಡಿ ಕೊನೆಗೆ ನಿಲ್ಲಿಸಿದರು. ಕೋರ್ಟಿನಲ್ಲಿ ಅವಳ ತೌರಿನ ಹೆಸರು ಹಿಡಿದು ಮಾ ತಿನ್ ಎಂದು ಕೂಗಿದಾಗ ಯಾರೆಂದು ನನಗೇ ಹೊಳೆಯಲಿಲ್ಲ. ಪೊಲೀಸ್ ಕಡೆಯವರು ಅವಳಿಗೆ ಕನ್ನಡ ಬಾರದೆಂದುಕೊಂಡು ಅವಳ ವಿಷಯವನ್ನು ತಾವೇ ಹೇಳುತ್ತಲೇ ಇದ್ದರು. "ಸ್ವಾಮಿ, ನನ್ ವಿಷ್ಯ ಇವ್ರೇ ಹೇಳ್ತಾವ್ರೆ. ನನ್ನ ಯಾರೂ ಕೇಳ್ಲೇ ಇಲ್ವಲ್ಲ" ಎಂದಳು. ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿ, "ಹೇಳಮ್ಮ" ಎಂದರು. ರಂಗೂನಿನ ಮೇಲೆ ಜಪಾನಿನವರ ಬಾಂಬು ಬಿದ್ದಾಗ ನಿನ್ನ ಹಿಂದೆ ಕಾಡು ದಾಟಿದ್ದು, ದಾರಿಯಲ್ಲಿ ಚೊಚ್ಚಲ ಗಂಡುಮಗುವನ್ನು ಮಣ್ಣು ಮಾಡಿದ್ದು, ಎಲ್ಲವನ್ನೂ ಹೇಳಿದಳು. ಆ ಮಗುವಿನ ಮಾತನ್ನು ನೀವಿಬ್ಬರೂ ನಮಗೆ ಹೇಳಿರಲಿಲ್ಲ. ನಿನ್ನ ತಾಯಿಗೆ ನಾನಿನ್ನೂ ಹೇಳಿಲ್ಲ.

ವಿಚಾರಣೆ ಮುಗಿಯುವವರೆಗೆ ಹಡಗು ಹತ್ತಿಸಕೂಡದು, ನನ್ನ ಜಾಮೀನಿನ ಮೇಲೆ ಬಿಡಬೇಕು ಎಂದು ಹುಕುಂ ಆಯಿತು. ಮುಂದಿನ ವಾಯಿದೆ ಯುಗಾದಿ ಕಳೆದ ಮೇಲೆ. ನಿಮ್ಮ ಮದುವೆ ಕಂಡವರು ಅಲ್ಲಿದ್ದರೆ ಅವರ ಹೇಳಿಕೆ ಬರೆಸಿ ಬೇಗ ಕಳಿಸು.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ಕಾಯಲಿ.

ನಿನ್ನ ತಂದೆ
ದೊಡ್ಡವೆಂಕಟಪ್ಪ

ಟಪಾಲಿನವನು ಕಾಯುತ್ತಿದ್ದಾನೆ, ಇದೊಂದು ಮಾತು. ಆ ಕೋಣೆಯಲ್ಲಿ ಬರ್ಮಾದ ಮುದುಕಿಯೊಬ್ಬಳು ಇನ್ನೂ ಇದ್ದಾಳೆ. ಬಿಳಿ ದೊರೆಯೊಬ್ಬನ ಮನೆಯ ಆಯಾ ಆಗಿದ್ದಳಂತೆ. ಅವರು ವಿಲಾಯತಿಗೆ ಹೋಗುವಾಗ ಬಿಟ್ಟು ಹೋದರು. ದೀಪಾವಳಿಗೆ ಮುಂಚಿನಿಂದ ಒಳಗಿದ್ದಾಳೆ, ಅವಳ ಮಾತು ತಿಳಿಯುವವರು ಯಾರೂ ಇರಲಿಲ್ಲ. ವಕೀಲರು ಅವಳ ಪರವಾಗಿಯೂ ಅರ್ಜಿ ಹಾಕಿದ್ದಾರೆ. ಅವಳ ಮಾತನ್ನು ಕನ್ನಡದಲ್ಲಿ ಹೇಳಲು ಕೋರ್ಟಿನವರು ನಿನ್ನ ಹೆಂಡತಿಗೇ ಬರಹೇಳಿದ್ದಾರೆ. ಮುದುಕಿಯ ಮಗ ಕೋ ಬಾ ರಂಗೂನಿನ ನದಿಯಲ್ಲಿ ದೋಣಿ ನಡೆಸುತ್ತಾನಂತೆ. ಹುಡುಕು. ತಾಯಿ ಬದುಕಿದ್ದಾಳೆಂದು ಹೇಳು.