ಗಾಜಿನೊಳಗಿನ ಅಳತೆ

ಜನವರಿ 1
ಹೊಸ ಡೈರಿ. ತಂಗಮ್ಮ, ಎಸ್ಸೆಸ್ಸೆಲ್ಸಿ ಪಾಸು. ಮೂಡಿಗೆರೆ ಪೇಟೆಯಲ್ಲಿ ಷರಟು ಹೊಲಿಯುವ ಅಂಗಡಿ ನಮ್ಮದು, ಹಿಂದೆಯೇ ಮನೆ. ಯಜಮಾನರು ಹೋದಮೇಲೂ ನಾನು ಗುರುತು ಹಾಕದೆ ಬಟ್ಟೆಗೆ ಕತ್ತರಿ ಬೀಳುವುದಿಲ್ಲ.

ಜಾವಳಿಯ ಗಿಡ್ಡಪ್ಪನವರ ತಿಥಿ ನಿನ್ನೆ ಮುಗಿಯಿತು. ಅವರ ಅಳತೆ ಕಾಗದ, ಅಂದರೆ ತೋಳು, ಬೆನ್ನು, ಕಾಲರಿನ ಆಕಾರಕ್ಕೆ ಕತ್ತರಿಸಿ ಪೋಣಿಸಿಟ್ಟ ಕಾಗದಗಳು, ಮೊಳೆಯಿಂದ ಇಳಿಸಿದೆ. ಗಿರಾಕಿ ತೀರಿಕೊಂಡರೆ ಅವರ ಷರಟಿನ ಕಾಗದ ಬಚ್ಚಲ ಒಲೆಗೆ. ಆ ಅಳತೆಯಲ್ಲಿ ಇನ್ನೊಬ್ಬರಿಗೆ ಹೊಲಿಯಬಾರದು — ಮಾವನವರ ಕಾಲದ ಕ್ರಮ.

ಒಂದನ್ನು ಮಾತ್ರ ಒಲೆಗೆ ಹಾಕಿಲ್ಲ. ಯಜಮಾನರದು. ನಾಲ್ಕು ವರ್ಷವಾಯಿತು, ಮೊಳೆಯಲ್ಲೇ ಇದೆ. ಯಾರೂ ಕೇಳಿಲ್ಲ. ಕೇಳುವ ಧೈರ್ಯ ಯಾರಿಗಿದೆ.

ಜನವರಿ 10
ಮಗ ಧರ್ಮೇಶ ಅಂಗಡಿ ಮಾಡರ್ನ್ ಮಾಡುತ್ತಾನಂತೆ. ಸೊಸೆ ಕೃತಿಕಾಳ ಯೋಚನೆ. ಗಿರಾಕಿ ಫೋನಿನ ಮುಂದೆ ನಿಂತರೆ ಸಾಕು, ಅಳತೆ ಅದೇ ತೆಗೆಯುತ್ತದೆ. ಕಟಿಂಗಿಗೆ ಮೆಷಿನ್ನು. ಬೇಡ ಎಂದೆ. ಇಬ್ಬರೂ ಆಯ್ತಮ್ಮ ಎಂದರು. ಮಧ್ಯಾಹ್ನ ಬಡಗಿ ಬಂದ.

ಜನವರಿ 29
ಗೋಣಿಬೀಡಿನ ಬೆಳ್ಳಿಯಪ್ಪನವರಿಗೆ ಹೊಸ ಪದ್ಧತಿಯ ಮೊದಲ ಷರಟು. ಭುಜ ಎಳೆದು ನೋಡಿದೆ, ಕಾಲರ್ ತಿರುಗಿಸಿ ನೋಡಿದೆ. ತಪ್ಪು ಸಿಗಲಿಲ್ಲ...

"ತಂಗಮ್ಮೋರೇ, ನೀವು ಇಷ್ಟು ವರ್ಷ ಮುಚ್ಚಿಟ್ಟ ನನ್ನ ಹೊಟ್ಟೆ ಫೋನಿಗೆ ಒಂದೇ ಸಲಕ್ಕೆ ಗೊತ್ತಾಯ್ತಲ್ಲ ಮಾರಾಯ್ರೇ."

ನಾನೂ ನಗಬೇಕಾಯಿತು.

ಕಟಿಂಗ್ ಟೇಬಲ್ ಹಿಂದಿನ ಕೋಣೆಗೆ ಹೋಗಿದೆ. ನನಗೆ ಮೆತ್ತನೆ ಕುರ್ಚಿ. ಬಾಗಿಲ ಹತ್ತಿರ.

ಫೆಬ್ರವರಿ 11, ಸಂಜೆ
ನಾಳೆ ಓಪನಿಂಗ್. ಹಳೆ ಅಳತೆ ಕಾಗದಗಳಿಗೆಲ್ಲ ಗಾಜು ಹಾಕಿಸಿ ಗೋಡೆ ತುಂಬಿಸಿದ್ದಾಳೆ ಕೃತಿಕಾ. ಫೋಟೋಗೆ ಚೆನ್ನಾಗಿರುತ್ತದಂತೆ. ನಡುವೆ ಯಜಮಾನರದು, ಮೇಲೊಂದು ಲೈಟು.

ಅವರ ಬಲಭುಜ ಇಳಿದಿತ್ತು. ಊರಿಗೆ ತಿಳಿಯದ ಹಾಗೆ ಎಡಕ್ಕೊಂದು, ಬಲಕ್ಕೊಂದು ಕಾಗದ ಮಾಡಿ ಕತ್ತರಿಸುತ್ತಿದ್ದೆ. ಆ ವ್ಯತ್ಯಾಸ ಈಗ ಬೀದಿಯಿಂದಲೇ ಕಾಣುತ್ತದೆ.

ತೆಗೆ ಎಂದೆ.

"ಅತ್ತೆ, ಪ್ರೀತಿಯಿಂದಲೇ ಹಾಕಿದ್ದು. ನೀವೇ ಒಲೆಗೆ ಹಾಕದೆ ಉಳಿಸಿದ್ದಲ್ವಾ?"

ಧರ್ಮೇಶನ ಕಡೆ ನೋಡಿದೆ. ಅವನು ಲೈಟು ಸರಿಮಾಡುತ್ತಿದ್ದ.

ಫೆಬ್ರವರಿ 12, ಬೆಳಿಗ್ಗೆ
ಯಜಮಾನರ ಫ್ರೇಮಿನ ಹಿಂದಿನ ಮೊಳೆಗಳನ್ನು ಕತ್ತರಿಯ ತುದಿಯಿಂದ ಕಿತ್ತೆ. ಗಾಜು ಒಡೆಯಲಿಲ್ಲ. ತೋಳು, ಕಾಲರ್, ಬೆನ್ನು... ಒಂದೊಂದಾಗಿ ಬಚ್ಚಲ ಒಲೆಗೆ. ಭುಜದ್ದು ಕೊನೆಗೆ.

ಖಾಲಿ ಫ್ರೇಮು ಅಲ್ಲೇ ತೂಗುಹಾಕಿ ಬಂದೆ. ಲೈಟು ಆರಿಸೋಣವೆಂದರೆ ಸ್ವಿಚ್ ಯಾವುದೋ ತಿಳಿಯಲಿಲ್ಲ. ಉರಿಯುತ್ತಿದೆ.

ನೀರು ಕಾದಿದೆ. ಕೃತಿಕಾ ಎದ್ದಳು. ಇಷ್ಟು ಬೇಗ ಒಲೆ ಯಾರು ಹಚ್ಚಿದ್ದು ಅಂತ ಕೇಳುತ್ತಾ ಈ ಕಡೆಗೇ—